ಬಾಳ್ಳುಪೇಟೆಯಲ್ಲಿ ಅಚ್ಚಾದ ಚರಿತ್ರೆಗಳು

ಚರಿತ್ರೆ ಅಂದ್ರೆ ಆಗಿಹೋದದ್ದು ಅಂತಾರೆ. ನಮ್ಮ ಪ್ರೆಸ್ಸಿಗೆ ಬಂದ ಚರಿತ್ರೆ ಮಾತ್ರ ಒಂದೂ ಆಗಿಹೋಗಲಿಲ್ಲ. ಅಚ್ಚಾಗಿ ಹೊರಗೆ ಹೋಗುವಷ್ಟರಲ್ಲಿ ಹೊಸದೊಂದು ಪ್ರಸಂಗವನ್ನು ಹುಟ್ಟಿಸಿಯೇ ಹೋಗುತ್ತಿತ್ತು.

ಬಾಳ್ಳುಪೇಟೆಯ ಮೇನ್ ರೋಡಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು, ಗಂಡ ಹೆಂಡತಿ ಇಬ್ಬರೇ. ನಮ್ಮವರು ಕಾಲಲ್ಲಿ ಮಿಷನ್ನು ತುಳಿಯುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವುದು, ಪ್ರೂಫು ನೋಡುವುದು ನನ್ನ ಕೆಲಸ. ಮೊದಲೆಲ್ಲ ಲಗ್ನಪತ್ರಿಕೆ, ತಿಥಿ ಕಾಗದ ಇಷ್ಟೇ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂತು ನೋಡಿ, ಅದೇ ಸಮಯಕ್ಕೆ ಆಲೂರು, ಸಕಲೇಶಪುರದ ಕಡೆ ರಿಟೈರಾದವರು, ತೋಟ ಇದ್ದವರು ಎಲ್ಲರೂ ತಮ್ಮ ತಮ್ಮ ಊರಿನ ಚರಿತ್ರೆ ಬರೆಯಲು ಕೂತುಬಿಟ್ಟರು. ಪ್ರಕಾಶಕರು ಅಂತ ಯಾರೂ ಇಲ್ಲ. ತಾವೇ ಬರೆಯುವುದು, ತಾವೇ ಅಚ್ಚು ಹಾಕಿಸುವುದು, ತಾವೇ ಚೀಲದಲ್ಲಿ ಹೊತ್ತುಕೊಂಡು ಹೋಗಿ ಹಂಚುವುದು. ಅವರ ತಪ್ಪೆಲ್ಲ ತಿದ್ದಿದವಳು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೊರಗೆ ಹೋಗಿಲ್ಲ. ಇದು ಜಂಬ ಅಂತ ನಮ್ಮವರು ಹೇಳುತ್ತಾರೆ. ಜಂಬವಾದರೂ ನಿಜ.

ಮಕಾಡೆ ಬಿದ್ದ ಶಾಸನ

ಪಾಳ್ಯದ ಕಡೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರು ತಮ್ಮ ಊರಿನ ಚರಿತ್ರೆ ತಂದುಕೊಟ್ಟರು. ಎಲ್ಲ ಮುಗಿಯಿತು ಅನ್ನುವಾಗ, "ತಾಯಿ, ಕೊನೇಲಿ ಎರಡು ಪುಟ ಖಾಲಿ ಬಿಡು. ದೊಡ್ಡದೊಂದು ಸಂಗತಿ ಬರೋದೈತೆ" ಅಂದರು.

ಸಂಗತಿ ಏನಂದರೆ, ಅವರ ಊರ ಕೆರೆಯ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ದೊಡ್ಡ ಚಪ್ಪಡಿ ಒಂದಿತ್ತು. ಅದರ ಅಂಚಿನಲ್ಲಿ ಕೈಯಾಡಿಸಿದಾಗ ಮೇಷ್ಟ್ರಿಗೆ ಕೆಳಮುಖದಲ್ಲಿ ಅಕ್ಷರ ಕೊರೆದದ್ದು ಬೆರಳಿಗೆ ಸಿಕ್ಕಿತ್ತು. ಯಾವುದೋ ರಾಜ ಕೆರೆಗೆ ಭೂಮಿ ಬಿಟ್ಟ ದಾನಶಾಸನವೇ ಇರಬೇಕು ಅಂತ ಅವರ ಲೆಕ್ಕ. ಒಂದು ಭಾನುವಾರ ನಮ್ಮಿಬ್ಬರನ್ನೂ ಕರೆಸಿದರು. ನಾವು ಹೋಗುವಷ್ಟರಲ್ಲಿ ನಾಲ್ಕು ಆಳು, ಎರಡು ಹಾರೆ, ಸುತ್ತ ಅರ್ಧ ಊರು. ಕಲ್ಲಿನ ಮೇಲೆ ಮಾತ್ರ ಒಬ್ಬ ಅಜ್ಜಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು.

"ಏಳಜ್ಜಿ, ಇದು ಒಗೆಯೋ ಕಲ್ಲಲ್ಲ, ಶಾಸನ."

"ನಾನು ಮದ್ವೆಯಾಗಿ ಬಂದಾಗಿಂದ ಒಗೆಯೋ ಕಲ್ಲೇ ಕಣ್ ಮೇಷ್ಟ್ರೇ."

ಬಹಳ ಹೇಳಿದ ಮೇಲೆ ಅಜ್ಜಿ ಎದ್ದಳು. ಕಲ್ಲನ್ನು ಮಗುಚಿದರು. ಮೇಷ್ಟ್ರು ಚೊಂಬಿನಲ್ಲಿ ನೀರು ಹೊಯ್ದು ಕೆಸರು ತೊಳೆಯುತ್ತ, ಒಂದೊಂದೇ ಅಕ್ಷರ ಬಾಯಿಬಿಟ್ಟು ಓದತೊಡಗಿದರು. ಅಕ್ಷರ ಅಷ್ಟೇನೂ ಹಳೆಯದಲ್ಲ, ನಮ್ಮ ತಾತಂದಿರ ಕಾಲದ್ದು. ನಾನೂ ಹಿಂದಿನಿಂದ ಬಗ್ಗಿ ನೋಡಿದೆ. ಇದ್ದದ್ದು ಒಂದೇ ಸಾಲು: "ಈ ಕೆರೆಯಲ್ಲಿ ಬಟ್ಟೆ ಒಗೆಯಕೂಡದು."

ಮೇಷ್ಟ್ರು ಇನ್ನೊಂದು ಚೊಂಬು ನೀರು ಹೊಯ್ದು ಮತ್ತೊಮ್ಮೆ ಓದಿದರು. ಅಜ್ಜಿ ಅಂದಳು, "ಅದ್ಕೇ ಕಣ್ ಮೇಷ್ಟ್ರೇ, ನಮ್ಮತ್ತೆ ಅದನ್ನ ಮಕಾಡೆ ಹಾಕ್ಸಿದ್ದು! ಹೆಂಗಿತ್ತೋ ಹಂಗೇ ಹಾಕ್ಬುಟ್ಟು ಹೋಗಿ, ಬಿಸ್ಲು ಹೋಗ್ತಾ ಐತೆ."

ಬಿಸಿಲೆಯ ಸಾಕ್ಷಿ

ಸಕಲೇಶಪುರದಲ್ಲಿ ಕಾಲೇಜಿನ ಲೆಕ್ಚರರ್ ಒಬ್ಬರಿದ್ದರು. ಅವರಿಗೆ ಪುಸ್ತಕದ ಮಾತಿನ ಮೇಲೆ ನಂಬಿಕೆ ಇಲ್ಲ. "ಜನರ ಬಾಯಲ್ಲಿ ಇರೋದೇ ನಿಜವಾದ ಚರಿತ್ರೆ" ಅನ್ನುತ್ತಿದ್ದರು. ಹೆಗಲಿಗೊಂದು ಟೇಪ್ ರೆಕಾರ್ಡರ್ ಹಾಕಿಕೊಂಡು ಕಾಡು ಮೇಡು ಸುತ್ತುವರು. ಘಟ್ಟದ ದಾರಿಯಲ್ಲಿ ರಾಜರ ಕಾಲದಲ್ಲಿ ಒಂದು ದಂಡು ಬಂದು ಮೂರು ದಿನ ತಂಗಿತ್ತು ಅಂತ ಅವರ ವಾದ. ಅದಕ್ಕೆ ಸಾಕ್ಷಿ ಬೇಕಾಗಿತ್ತು.

ಘಟ್ಟದ ಅಂಚಿನ ಬಿಸಿಲೆ ಊರಿನಲ್ಲಿ ಒಬ್ಬ ತಾತ ಸಿಕ್ಕಿದ. ಎಲೆ ಅಡಿಕೆ ಹಾಕಿಕೊಂಡು, ದಂಡು ಬಂದದ್ದು, ಹಳ್ಳದ ಪಕ್ಕ ಬಿಡಾರ ಹೂಡಿದ್ದು, ಮೂರನೇ ದಿನ ಹೊರಟುಹೋದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಹೇಳಿದ. ಲೆಕ್ಚರರಿಗೆ ಆನಂದಬಾಷ್ಪ. ಪ್ರೂಫು ನೋಡುವಾಗ ನಾನು ಕೇಳಿದೆ, "ಸಾರ್, ತಾತನಿಗೆ ಇದನ್ನ ಹೇಳಿದ್ದು ಯಾರು ಅಂತ ಬರೆದಿಲ್ಲವಲ್ಲ?"

ಹೌದಲ್ಲ ಅನ್ನಿಸಿ, ಮತ್ತೆ ಬಸ್ಸು ಹತ್ತಿ ಬಿಸಿಲೆಗೆ ಹೋದರು. ಬಂದಾಗ ಮುಖ ಸಣ್ಣಗಾಗಿತ್ತು. ಟೇಪನ್ನು ನನ್ನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಅದರಲ್ಲಿ ತಾತನ ದನಿ:

"ಯಾರು ಹೇಳಿದ್ದು ಅಂದ್ರೆ? ಎರಡು ವರ್ಷದ ಕೆಳಗೆ ಇದೇ ಜಗಲಿ ಮ್ಯಾಲೆ ಕೂತ್ಕೊಂಡು ನೀವೇ ಹೇಳಿದ್ರಲ್ಲ ಸಾಮಿ! ಇನ್ನೊಂದ್ಸಲ ಬಂದು ಕೇಳ್ತೀರಿ ಅಂತ ಮರೀದಂಗೆ ಇಟ್ಕೊಂಡಿದ್ದೆ."

ತಾತನ ಫೋಟೋ

ಇನ್ನೊಬ್ಬರು ದೊಡ್ಡ ಎಸ್ಟೇಟಿನ ಗೌಡರು. ತಮ್ಮ ವಂಶದ ಚರಿತ್ರೆ ಬರೆದಿದ್ದರು. ಆ ಬೆಟ್ಟದಲ್ಲಿ ಮೊದಲ ಕಾಫಿ ಗಿಡ ನೆಟ್ಟವರು ಅವರ ತಾತನಂತೆ. ಮೊದಲ ಪುಟದಲ್ಲಿ ತಾತನ ಫೋಟೋ ಬೇಕೇ ಬೇಕು. ಆದರೆ ತಾತ ಬದುಕಿದ್ದಾಗ ಯಾರೂ ಫೋಟೋ ತೆಗೆದಿರಲಿಲ್ಲ.

ಒಂದು ವಾರ ಕಳೆದು ಗೌಡರು ಫೋಟೋ ತಂದರು. ರುಮಾಲು, ಕರಿ ಕೋಟು, ಹುರಿ ಮೀಸೆ. ನಾನು ಫೋಟೋ ನೋಡಿದೆ, ಗೌಡರನ್ನು ನೋಡಿದೆ.

"ಇದು ನೀವೇ ಅಲ್ವಾ ಗೌಡ್ರೇ?"

"ತಾತ ನನ್ನ ಹಂಗೇ ಇದ್ರಂತೆ ಕಣಮ್ಮ. ಎಲ್ರೂ ಹೇಳ್ತಾರೆ."

"ಕೈಯಲ್ಲಿ ವಾಚೈತೆ."

ಗೌಡರು ಕನ್ನಡಕ ಏರಿಸಿ ನೋಡಿದರು. "ಕೆಳಗೆ 'ಬೆಳ್ಳಿ ಕಡಗ ಧರಿಸಿರುವರು' ಅಂತ ಹಾಕ್ಬುಡು."

ನಾನು ಹಾಕಲಿಲ್ಲ. ತಪ್ಪು ಅಂತ ಗೊತ್ತಿದ್ದೂ ಮೊಳೆ ಜೋಡಿಸುವವಳಲ್ಲ ನಾನು. ಕೊನೆಗೆ ನಮ್ಮವರು ಗಿರಾಕಿಯನ್ನೂ ಬಿಡಲಾರದೆ, ನನ್ನನ್ನೂ ಒಪ್ಪಿಸಲಾರದೆ, ಫೋಟೋವನ್ನು ವಾಚು ಕಾಣದ ಹಾಗೆ ಎದೆಮಟ್ಟಕ್ಕೆ ಕತ್ತರಿಸಿ, ಅಚ್ಚಿಗೆ ಬ್ಲಾಕು ಮಾಡಿಸಿ, ಕೆಳಗೆ ಹೆಸರೇ ಇಲ್ಲದೆ ಅಚ್ಚು ಹಾಕಿದರು.

ಪುಸ್ತಕ ಕೊಡಲು ಎಸ್ಟೇಟಿಗೆ ಹೋದೆವು. ಗೌಡರ ತಾಯಿ ತೊಂಬತ್ತು ದಾಟಿದವರು, ಕಣ್ಣು ಮಂಜು. ಆ ಮನೆಯಲ್ಲಿ ತಾತನನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಗೌಡರು ಮೊದಲ ಪುಟ ತೆರೆದು ಅವರ ಕಣ್ಣ ಹತ್ತಿರ ಹಿಡಿದರು. ಅಜ್ಜಿ ದಿಟ್ಟಿಸಿ ನೋಡಿ, ಗಾಬರಿಯಿಂದ ತಲೆಯ ಮೇಲೆ ಸೆರಗೆಳೆದುಕೊಂಡು, "ಅಯ್ಯೋ, ಮಾವನೋರು!" ಅಂದರು.

ಗೌಡರು ನನ್ನ ಕಡೆ ತಿರುಗಿ, ಗೆದ್ದೆ ಅನ್ನುವ ಹಾಗೆ ಮೀಸೆ ಮುಟ್ಟಿದರು.

ಅಜ್ಜಿ ಮುಂದುವರಿಸಿದರು, "ಏನ್ ಲಕ್ಷಣ, ಏನ್ ಕಳೆ! ನೀನೂ ಹುಟ್ಟಿದ್ಯಲ್ಲ ಮಗ, ಅವರ ಒಂದು ಛಾಯೆನೂ ಬರ್ಲಿಲ್ಲ ನಿನಗೆ."

ಬೋಂಡದ ಓದುಗ

ತಿದ್ದಿ ಮುಗಿದ ಪ್ರೂಫು ಹಾಳೆಗಳನ್ನು ನಮ್ಮವರು ಎದುರಿನ ಟೀ ಅಂಗಡಿಯವನಿಗೆ ಕೊಡುತ್ತಿದ್ದರು. ಅವನು ಅದರಲ್ಲಿ ಬೋಂಡ ಕಟ್ಟಿ ಕೊಡುತ್ತಿದ್ದ. ಒಂದು ಮಧ್ಯಾಹ್ನ ಲಾರಿ ಡ್ರೈವರ್ ಒಬ್ಬ ಎಣ್ಣೆ ಹೀರಿದ ಹಾಳೆ ಹಿಡಿದುಕೊಂಡು ಪ್ರೆಸ್ಸಿಗೆ ಬಂದ.

"ಅಕ್ಕ, ಇದು ಇಲ್ಲಿಂದ ಬಂದಿದ್ದಂತೆ. ಈ ಪಾಳೇಗಾರನ ಹೆಂಡ್ತಿ ಕುದುರೆ ಹತ್ತಿ ಹೊಳೆ ದಾಟಕ್ಕೆ ಹೋದ್ಲಲ್ಲ, ದಾಟಿದ್ಲಾ?"

ಅದನ್ನು ಬರೆದವರು ಆಲೂರಿನ ಒಬ್ಬ ವಕೀಲರು. ಪುಸ್ತಕ ಬಂದು ಆರು ತಿಂಗಳಾದರೂ ದಾಟಿದಳೋ ಇಲ್ಲವೋ ಅಂತ ಒಬ್ಬರೂ ಕೇಳಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ವಕೀಲರ ಪರವಾಗಿ ನಾನೇ ಒಂದು ಪ್ರತಿ ತೆಗೆದು, "ತಗೊಳ್ಳಪ್ಪ, ಪೂರ್ತಿ ಓದು, ಸುಮ್ನೆ ಇಟ್ಕೋ" ಅಂದೆ.

ಅವನು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟ. "ಇಷ್ಟು ದಪ್ಪ ಬುಕ್ಕು ಯಾರು ಓದ್ತಾರಕ್ಕ? ಮುಂದಿನ ಹಾಳೆ ಯಾವ ಬೋಂಡದಂಗಡೀಗೆ ಹೋಗೈತೆ, ಅಷ್ಟು ಹೇಳಿ ಸಾಕು."

ಕೋಟೆಯೋ ದೊಡ್ಡಿಯೋ

ಇನ್ನು ಇದೊಂದು. ಆ ದಿನ ನಾವಿಬ್ಬರೂ ಹೇಗೆ ಪಾರಾದೆವೋ!

ಹತ್ತಿರದ ಒಂದು ಹಳ್ಳಿಯಲ್ಲಿ ದೊಡ್ಡ ಮಣ್ಣಿನ ದಿಬ್ಬ ಇತ್ತು. ರಿಟೈರಾದ ಪೋಸ್ಟ್ ಮಾಸ್ಟರು ಅದು ಹಳೆಯ ಕೋಟೆ ಅನ್ನುವರು. ಅದೇ ಊರಿನ ಜವಳಿ ಅಂಗಡಿ ಯಜಮಾನರು, ಅದು ದನ ಕೂಡುವ ದೊಡ್ಡಿ ಅನ್ನುವರು. ಈ ವಿಷಯಕ್ಕೆ ಹತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಪೋಸ್ಟ್ ಮಾಸ್ಟರು ಒಂದು ಟವೆಲ್ಲು ಬೇಕಾದರೂ ಹಾಸನಕ್ಕೆ ಹೋಗುತ್ತಿದ್ದರು. ಯಜಮಾನರು ಒಂದು ಕಾರ್ಡು ಹಾಕಬೇಕಾದರೂ ಸಕಲೇಶಪುರದ ಡಬ್ಬಿಗೇ ಹಾಕುತ್ತಿದ್ದರು.

ಇಬ್ಬರೂ ಒಂದೇ ವರ್ಷ ಪುಸ್ತಕ ಬರೆದು ನಮ್ಮಲ್ಲಿಗೇ ತಂದರು. ಎರಡಕ್ಕೂ ಹೆಸರು "ನಮ್ಮೂರ ಚರಿತ್ರೆ". ಹೆಸರು ಬದಲಾಯಿಸಿ ಅಂದರೆ, ಅವನು ಬದಲಾಯಿಸಲಿ ಅಂತ ಇಬ್ಬರೂ. ಮುಖಪುಟದಲ್ಲಿ ಅದೇ ದಿಬ್ಬದ ಚಿತ್ರ. ಲೇಖಕರ ಹೆಸರು ರಟ್ಟಿನ ಮೇಲೆ ಬಿಟ್ಟರೆ ಒಳಗೆ ಎಲ್ಲೂ ಇಲ್ಲ. ಪ್ರೂಫಿನಲ್ಲಿ ಒಂದು ಅಲ್ಪವಿರಾಮ ಮುಟ್ಟಲೂ ಇಬ್ಬರೂ ಬಿಡಲಿಲ್ಲ.

ಪುಸ್ತಕ ಬಂತು. ಇಬ್ಬರೂ ತಮ್ಮ ತಮ್ಮ ಕಟ್ಟು ಒಯ್ದರು. ಆಮೇಲೆ ಒಂದು ಸೋಮವಾರ ಪೋಸ್ಟ್ ಮಾಸ್ಟರು ಬಂದು, ಅತ್ತ ಇತ್ತ ನೋಡಿ, "ಅವನ ಪುಸ್ತಕ ಒಂದಿದ್ರೆ ಕೊಡಮ್ಮ, ಯಾರಿಗೂ ಹೇಳ್ಬೇಡ" ಅಂದರು. ಎರಡರ ಪ್ರತಿಗಳೂ ಸೇರಿ ಪ್ರೆಸ್ಸಿನಲ್ಲಿ ಉಳಿದಿದ್ದ ಕೊನೆಯ ಕಟ್ಟಿನಿಂದ ಒಂದು ತೆಗೆದು, ಪೇಪರಿನಲ್ಲಿ ಸುತ್ತಿ ಕೊಟ್ಟೆ. ಮಂಗಳವಾರ ಯಜಮಾನರು ಬಂದರು. ಅದೇ ಮಾತು, ಅದೇ ಪೇಪರು.

ಬುಧವಾರ ಆ ಕಟ್ಟನ್ನು ಬೀರುವಿಗೆ ಸೇರಿಸುವಾಗ ಒಂದು ಪ್ರತಿ ಬಿಡಿಸಿ ನೋಡಿದೆ. ಬೈಂಡರು ಕೊನೆಯ ಕಟ್ಟಿನಲ್ಲಿ ರಟ್ಟು ಅದಲು ಬದಲು ಮಾಡಿದ್ದ. ಯಜಮಾನರ ಹೆಸರಿನ ಒಳಗೆ ಪೋಸ್ಟ್ ಮಾಸ್ಟರ ಕೋಟೆ. ಪೋಸ್ಟ್ ಮಾಸ್ಟರ ಹೆಸರಿನ ಒಳಗೆ ಯಜಮಾನರ ದೊಡ್ಡಿ.

"ಇಬ್ಬರ ಕಾಲಿಗೂ ಬಿದ್ದು ಹೇಳಿಬಿಡೋಣ" ಅಂತ ನಾನು ಸೆರಗು ಸರಿಮಾಡಿಕೊಂಡು ಹೊರಟಿದ್ದೆ. ಬಾಗಿಲಲ್ಲಿ ನೋಡುತ್ತೇನೆ, ಇಬ್ಬರೂ ಒಟ್ಟಿಗೆ ಬರುತ್ತಿದ್ದಾರೆ! ಪೋಸ್ಟ್ ಮಾಸ್ಟರ ಹೆಗಲ ಮೇಲೆ ಯಜಮಾನರ ಅಂಗಡಿಯ ಹೊಸ ಶಲ್ಯ.

"ಅಮ್ಮ, ದೊಡ್ಡ ಮನಸ್ಸು ಕಣಮ್ಮ ಇವ್ರದ್ದು," ಅಂದರು ಪೋಸ್ಟ್ ಮಾಸ್ಟರು. "ದಿಬ್ಬದ ಪುಟ ತೆಗ್ದು ನೋಡ್ತೀನಿ, ಕೋಟೆ ಅಂತ ಒಪ್ಕೊಂಡವ್ರೆ. ಕಣ್ಣಲ್ಲಿ ನೀರು ಬಂದ್ಬುಡ್ತು. ಸೀದಾ ಅಂಗಡಿಗೇ ಹೋದೆ."

ಯಜಮಾನರು ತಲೆಯಾಡಿಸಿದರು. "ನಾನೇನೂ ದೊಡ್ಡೋನಲ್ಲ ಸಾರ್. ನೀವು ದೊಡ್ಡಿ ಅಂತ ಬರ್ದಿದ್ದು ನೋಡಿ ನಾನೇ ನಿಮ್ಮನೇಗೆ ಹೊರಟಿದ್ದೆ. ಅಷ್ಟರಲ್ಲಿ ನೀವೇ ಬಂದ್ರಿ. ನೀವು ಅಷ್ಟು ಬಗ್ಗಿದ ಮೇಲೆ ಕೋಟೆ ಅಂದ್ರೂ ನನಗೆ ಬೇಜಾರಿಲ್ಲ."

ನಾನು ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪೋಸ್ಟ್ ಮಾಸ್ಟರು ಪುಸ್ತಕ ಬಿಡಿಸಿ, ನನ್ನ ಕಡೆ ಬಗ್ಗಿ, ಯಜಮಾನರಿಗೆ ಕೇಳಿಸುವಷ್ಟೇ ಜೋರಾಗಿ ಪಿಸುಗುಟ್ಟಿದರು: "ವಿಷಯವೇನೋ ಅಪ್ಪಟ ಸತ್ಯ. ಭಾಷೆ ಮಾತ್ರ ದೇವ್ರಿಗೇ ಪ್ರೀತಿ. ಇಷ್ಟುದ್ದ ವಾಕ್ಯ ಯಾರು ಓದ್ತಾರೆ? ಇದೇನು ಬರವಣಿಗೆನೋ, ಪದಕ್ಕಿಷ್ಟು ಕಾಸು ಅನ್ನೋ ಟೆಲಿಗ್ರಾಂ ಲೆಕ್ಕ ಮರೆತೋನ ಕಾಗದನೋ?"

ಅದು ಅವರದೇ ವಾಕ್ಯ.

ಯಜಮಾನರಿಗೆ ಸ್ವಲ್ಪ ಚುರುಕ್ಕೆಂದಿತು. "ನಿಮ್ದೇನೂ ಕಮ್ಮಿಯಿಲ್ಲ ಸಾರ್. ಪುಟಕ್ಕೆ ನಾಲ್ಕು ಗಾದೆ! ಸಂತೇಲಿ ಎಮ್ಮೆ ಮಾರೋನು ಮಾತಾಡ್ದಂಗೈತೆ" ಅಂದರು. ಆ ಗಾದೆ ಒಂದೊಂದೂ ಅವರದೇ.

ನಮ್ಮವರು ನಗು ತಡೆಯಲಾರದೆ ಒಳಗೆ ಓಡಿಹೋಗಿ, ಏನೂ ಇಲ್ಲದ ಖಾಲಿ ಮಿಷನ್ನನ್ನು ಧಡಧಡ ತುಳಿಯತೊಡಗಿದರು. ನಾನು ಮಾತ್ರ ನಗಲಿಲ್ಲ. ಕೆಂಪು ಪೆನ್ನು ಕೈಗೆತ್ತಿಕೊಂಡೆ.

"ಎರಡನೇ ಮುದ್ರಣಕ್ಕೆ ಎರಡನ್ನೂ ನಾನೇ ತಿದ್ದಿಕೊಡ್ತೀನಿ. ಆದ್ರೆ ಬರೆದವರು ಒಪ್ಪಬೇಕಲ್ಲ?"

ಇಬ್ಬರೂ ಒಬ್ಬರಿಗೊಬ್ಬರು ಬೆರಳು ತೋರಿಸಿ ಒಂದೇ ದನಿಯಲ್ಲಿ ಅಂದರು:

"ಇವ್ರನ್ನ ಒಪ್ಸೋ ಜವಾಬ್ದಾರಿ ನಂದು!"