ನನ್ನ ಇಂಟರ್ನೆಟ್ಟು, ಅತ್ತೆಯ ಗಂಟು

ಏನೂ ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೆ ಕಷ್ಟವಲ್ಲ. ಪೂರ್ತಿ ಗೊತ್ತಿರುವ ವಿಷಯ ನನ್ನ ಹತ್ತಿರ ಒಂದೂ ಇಲ್ಲದ್ದರಿಂದ ಅದರ ತೊಂದರೆಯೂ ಇಲ್ಲ. ನನ್ನ ಕಷ್ಟವೆಲ್ಲ ಅರ್ಧ ಗೊತ್ತಾದ ವಿಷಯಗಳದ್ದು. ಅವು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಯಾರಿಗಾದರೂ ಹೇಳಿಬಿಡುವ ತನಕ ಊಟ ಸೇರುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ನಾನು ಗುಮಾಸ್ತನಾಗಿದ್ದ ಕಚೇರಿಗೆ ಕಂಪ್ಯೂಟರುಗಳು ಬಂದವು. ಅವುಗಳ ಜೊತೆಗೆ ಒಬ್ಬ ಎಂಜಿನಿಯರು ಬಂದು ಇಂಟರ್ನೆಟ್ ಹೇಗೆ ಕೆಲಸ ಮಾಡುತ್ತದೆ ಎಂದು ನಮಗೆಲ್ಲ ಪಾಠ ಮಾಡಿದರು. ಪಾಠ ಅರ್ಧಕ್ಕೆ ಬಂದಾಗ ಟೀ ಬಂತು. ಟೀ ಆದ ಮೇಲೆ ಎಂಜಿನಿಯರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ನನ್ನ ಮುಂದಿನ ಅವಸ್ಥೆಗೆಲ್ಲ ಆ ಟೀಯೇ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ.

ಅಂದಿನಿಂದ ನಾನು ಶಿವಮೊಗ್ಗದ ನಮ್ಮ ಮನೆಗೆ ಹೋಗಿಬರುವ ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ರವೀಂದ್ರನಗರದ ನಮ್ಮ ಬೀದಿಯ ಕಟ್ಟೆಯ ಮೇಲೆ, ಸಿಕ್ಕವರಿಗೆಲ್ಲ ಇಂಟರ್ನೆಟ್ ವಿವರಿಸತೊಡಗಿದೆ. "ನೋಡಿ, ನೀವೊಂದು ಕಾಗದ ಕಳಿಸ್ತೀರಿ ಅಂತ ಇಟ್ಕೊಳ್ಳಿ. ಕಂಪ್ಯೂಟರು ಅದನ್ನ ಇಡಿಯಾಗಿ ಕಳಿಸಲ್ಲ, ಚೂರು ಚೂರು ಮಾಡುತ್ತೆ. ಒಂದೊಂದು ಚೂರಿಗೆ ಪ್ಯಾಕೆಟ್ ಅಂತ ಹೆಸರು. ಪ್ರತಿಯೊಂದರ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗ್ಬೇಕು, ಎಷ್ಟನೇ ಚೂರು, ಎಲ್ಲಾ ಬರೆದಿರುತ್ತೆ. ದಾರೀಲಿ ಒಂದೊಂದು ತಿರುವಿನಲ್ಲೂ ಒಂದು ಯಂತ್ರ ನಿಂತಿರುತ್ತೆ. ಆ ಕಡೆ ರಶ್ ಇದೆ, ನೀನು ಈ ಕಡೆ ಹೋಗು ಅಂತ ಕಳಿಸುತ್ತೆ. ಹಾಗಾಗಿ ಮೊದಲು ಹೊರಟಿದ್ದು ಕೊನೆಗೆ ಬರಬಹುದು, ಕೊನೇದು ಮೊದಲು ಬರಬಹುದು. ಆದ್ರೆ ಎಲ್ಲಾ ಬರೋ ತನಕ ಆ ಕಡೆ ಕಂಪ್ಯೂಟರು ತೀರ್ಮಾನಕ್ಕೆ ಬರಲ್ಲ. ಯಾವುದೋ ಒಂದು ಬರಲಿಲ್ಲ ಅಂದ್ರೆ, ಅದೊಂದನ್ನ ಮತ್ತೆ ಕಳಿಸಪ್ಪ ಅಂತ ಹೇಳಿ ಕಳಿಸುತ್ತೆ. ಎಲ್ಲಾ ಮುಟ್ಟಿದ ಮೇಲೆ ಸರದಿ ಪ್ರಕಾರ ಜೋಡಿಸಿಕೊಂಡು ಓದುತ್ತೆ. ನಾವು ಮನುಷ್ಯರು ಕಲೀಬೇಕಾದ ತಾಳ್ಮೆ ಅಂದ್ರೆ ಅದು!" ಈ ಕೊನೆಯ ಮಾತು ಎಂಜಿನಿಯರದ್ದಲ್ಲ, ನನ್ನ ಸ್ವಂತದ್ದು. ಒಂದು ದಿನ ಬಸ್ಸಿನಲ್ಲಿ ನಮ್ಮ ಕಚೇರಿಯ ನಾಗರಾಜ, "ಅಲ್ಲ ಮಾರಾಯ, ಅಷ್ಟೊಂದು ಹರಿದು ಹಾಕೋದ್ಯಾಕೆ? ಇಡಿಯಾಗಿ ಕಳಿಸಿದ್ರೆ ಏನಾಗ್ತಿತ್ತು?" ಎಂದು ಕೇಳಿಬಿಟ್ಟ. ಅದಕ್ಕೆ ಉತ್ತರ ಬಹುಶಃ ಟೀ ಆದ ಮೇಲಿನ ಪಾಠದಲ್ಲಿತ್ತು. ನಾನು ಕಿಟಕಿಯಾಚೆ ನೋಡಿದೆ.

ಇಷ್ಟು ಹೇಳಿದ ಮೇಲೆ ಮನೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಮರ್ಯಾದೆ ಉಳಿಯುತ್ತದೆಯೇ? ಹಳೆಯದೊಂದು ಕಂಪ್ಯೂಟರು ತಂದು, ಟೆಲಿಫೋನಿನ ತಂತಿಗೆ ಮೋಡೆಮ್ ಎಂಬ ಡಬ್ಬಿ ಸಿಕ್ಕಿಸಿದೆ. ಅದು ಸಂಪರ್ಕಕ್ಕೆ ಹೊರಡುವಾಗ ಬಾಗಿಲ ಸಂದಿಗೆ ಸಿಕ್ಕಿದ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ಅದು ಕೆಲಸ ಮಾಡುವಷ್ಟು ಹೊತ್ತೂ ನಮ್ಮ ಫೋನು ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಯಾರಾದರೂ ಮರೆತು ರಿಸೀವರ್ ಎತ್ತಿದರೆ ಇಂಟರ್ನೆಟ್ಟು ಕಡಿದುಹೋಗುತ್ತಿತ್ತು. ಆದ್ದರಿಂದ ನಾನು ಕೂರುವ ಮೊದಲು ಫೋನಿನ ಮೇಲೆ ಒಂದು ಟವೆಲು ಹೊದಿಸಿ, ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡುತ್ತಿದ್ದೆ. ನನ್ನ ಹೆಂಡತಿ ಗಿರಿಜೆ ಅದನ್ನು ಫೋನಿನ ಸೂತಕ ಎಂದು ಕರೆಯುತ್ತಿದ್ದಳು.

ಗಿರಿಜೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆ ನಿಜವಾಗಿ ಅವಳದ್ದು. ಭದ್ರಾವತಿಯ ಓಲ್ಡ್ ಟೌನಿನವಳು. ಪಿಯುಸಿ ಎರಡನೆಯ ವರ್ಷದಲ್ಲಿ ಅರ್ಥಶಾಸ್ತ್ರ ಕೈಕೊಟ್ಟಿತು. ಮತ್ತೆ ಕಟ್ಟುವುದರೊಳಗೆ ನಾನು ಹೆಣ್ಣು ನೋಡಲು ಹೋಗಿ ಕೂತಿದ್ದೆ. ಮದುವೆಯಾಗಿ ಹದಿನೈದು ವರ್ಷ ಅವಳು ಆ ಮಾತು ಎತ್ತಲಿಲ್ಲ. ಒಂದು ದಿನ ಮನೆಮನೆಯ ಲೆಕ್ಕ ಬರೆದುಕೊಳ್ಳಲು ಒಬ್ಬ ಹುಡುಗಿ ಬಂದು, "ಮನೆಯವರು ಎಷ್ಟು ಓದಿದಾರೆ ಸಾರ್?" ಎಂದು ಕೇಳಿದಳು. ಗಿರಿಜೆ ಪಕ್ಕದಲ್ಲೇ ನಿಂತಿದ್ದಳು. ಆದರೂ ನಾನೇ, "ಪಿಯುಸಿ ತನಕ" ಎಂದೆ. ಬೈಗುಳವೇನಲ್ಲವಲ್ಲ ಅದು, ಇದ್ದದ್ದನ್ನು ಹೇಳಿದ್ದೆ. ಆ ಹುಡುಗಿ ಹೋದ ಮೇಲೆ ಗಿರಿಜೆ, "ನಾನು ಈ ಸಲ ಪರೀಕ್ಷೆ ಕಟ್ತೀನಿ ಕಣ್ರೀ" ಎಂದಳು. ಈಗ ಯಾಕೆ ಎಂದೆ. "ನಿಮ್ಮ 'ತನಕ' ಇದೆಯಲ್ಲ, ಅದನ್ನ ಕಿತ್ತು ಹಾಕೋಕೆ" ಎಂದಳು. ತಮಾಷೆಗೆ ಹೇಳಿದಳೆಂದುಕೊಂಡೆ. ಆದರೆ ತವರಿನ ಹತ್ತಿರದ ಕಾಲೇಜಿನಿಂದಲೇ ಖಾಸಗಿಯಾಗಿ ಹೆಸರು ನೋಂದಾಯಿಸಿ, ಒಗ್ಗರಣೆ ಹಾಕುತ್ತ ಬೇಡಿಕೆ, ಪೂರೈಕೆ ಎಂದು ಗಟ್ಟಿ ಮಾಡಿ, ಅಮ್ಮನ ಮನೆಯಲ್ಲಿ ಕೂತು ಪರೀಕ್ಷೆ ಬರೆದೇ ಬಂದಳು. ಬಂದವಳು ಹೇಗಾಯಿತೆಂದು ನನಗೆ ಹೇಳಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ.

ಅವಳ ಅಮ್ಮ, ಅಂದರೆ ನನ್ನ ಅತ್ತೆ ರುದ್ರಮ್ಮನವರನ್ನೂ ಇಲ್ಲೇ ಪರಿಚಯ ಮಾಡಿಕೊಡಬೇಕು. ಮಗಳಿಗೆ ತಿಂಡಿ ಕಳಿಸದೆ ಅವರಿಗೆ ವಾರ ಮುಗಿಯುವುದಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡಾಡುವವರಿಗೇನು ಬರವೇ? ಬಸ್ ಸ್ಟ್ಯಾಂಡಿಗೆ ಹೋಗಿ ಗುರುತಿನವರ ಕೈಗೆ ಗಂಟು ಕೊಟ್ಟುಬಿಡುತ್ತಾರೆ. ಕಾರ್ಖಾನೆಯಿಂದ ನಿವೃತ್ತನಾಗಿ, ರವೀಂದ್ರನಗರದ ಮಗಳ ಮನೆಗೆ ಬರುತ್ತಿದ್ದ ಮುರುಗೇಶಣ್ಣ, ಗಾಂಧಿ ಬಜಾರಿಗೆ ಮಾಲು ತರಲು ಬರುತ್ತಿದ್ದ ಬಟ್ಟೆ ಅಂಗಡಿಯ ಇಸ್ಮಾಯಿಲ್ ಸಾಹೇಬರು, ನಮ್ಮ ಹಿಂದಿನ ಬೀದಿಯಲ್ಲಿದ್ದು ಭದ್ರಾವತಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸರೋಜಮ್ಮ ಟೀಚರ್, ಇವರು ಖಾಯಂ ಗಿರಾಕಿಗಳು. ವಿಶೇಷವೇನೆಂದರೆ ಅತ್ತೆ ಒಂದೇ ಅಡಿಗೆಯನ್ನು ಒಬ್ಬರ ಕೈಯಲ್ಲಿ ಕಳಿಸಿದ್ದೇ ಇಲ್ಲ. ಹೋಳಿಗೆ ಒಬ್ಬರ ಹತ್ತಿರ, ಹೋಳಿಗೆ ಸಾರು ಇನ್ನೊಬ್ಬರ ಹತ್ತಿರ, ತುಪ್ಪ ಮತ್ತೊಬ್ಬರ ಹತ್ತಿರ. ಎಷ್ಟೋ ಸಲ ಸಾರು ಮಧ್ಯಾಹ್ನ ಬಂದು, ಹೋಳಿಗೆ ಸಂಜೆ ಬಂದು, ನಾನು ನಡುವಿನ ಹೊತ್ತಿನಲ್ಲಿ ಬರೀ ಸಾರನ್ನು ಅನ್ನಕ್ಕೆ ಕಲಸಿ ಮುಗಿಸಿಬಿಟ್ಟಿದ್ದೂ ಉಂಟು. "ಯಾಕತ್ತೆ ಹೀಗೆ?" ಎಂದು ಕೇಳಿದರೆ, "ಒಬ್ರ ಕೈಲೇ ಎಲ್ಲಾ ಕೊಟ್ರೆ, ಅವ್ರಿಗೆ ಬಸ್ ತಪ್ಪಿದ್ರೆ ಎಲ್ಲಾ ತಪ್ಪೋಯ್ತು. ಅಲ್ದೆ ನಾನು ಮಗಳಿಗೆ ಏನೇನು ಕಳಿಸ್ತೀನಿ ಅಂತ ಒಬ್ರಿಗೇ ಪೂರ್ತಿ ಯಾಕೆ ಗೊತ್ತಾಗ್ಬೇಕು ಅಳಿಯಂದ್ರೆ? ಕಣ್ಣು ಬೀಳುತ್ತೆ" ಎನ್ನುತ್ತಿದ್ದರು. ಡಬ್ಬಿ ವಾಪಸ್ಸು ಹೋದರೆ ತಲುಪಿತು ಎಂದು ಲೆಕ್ಕ. ಯಾವ ಡಬ್ಬಿ ಹೋಗಲಿಲ್ಲವೋ ಆ ಪದಾರ್ಥ ಮಾತ್ರ ಇನ್ನೊಬ್ಬರ ಕೈಯಲ್ಲಿ ಮತ್ತೆ ಬರುತ್ತಿತ್ತು. ಇದನ್ನೆಲ್ಲ ನಾನು ಹಳೆಯ ಕಾಲದವರ ಗೊಡ್ಡು ಪದ್ಧತಿ ಎಂದು ನಗುತ್ತಿದ್ದೆ.

ರಿಸಲ್ಟು ಮೊದಲು ಇಂಟರ್ನೆಟ್ಟಿನಲ್ಲಿ, ಮಾರನೆಯ ದಿನ ಕಾಲೇಜಿನ ಬೋರ್ಡಿನಲ್ಲಿ ಎಂದು ಪೇಪರಿನಲ್ಲಿ ಬಂತು. ನನ್ನ ಎದೆ ಉಬ್ಬಿತು. ಊರೆಲ್ಲ ಬೋರ್ಡಿಗೆ ಕಾಯುವಾಗ ನನ್ನ ಹೆಂಡತಿಯ ರಿಸಲ್ಟು ನನ್ನ ಮೇಜಿನ ಮೇಲೆ! ಆದರೆ ರಾಜ್ಯದ ತಂದೆ ತಾಯಿಗಳೆಲ್ಲ ಅದೇ ಬಾಗಿಲಿಗೆ ನುಗ್ಗಿದ್ದರು. ಸಂಜೆಯೆಲ್ಲ ಮೋಡೆಮ್ ಕಿರುಚಿದ್ದಷ್ಟೇ ಬಂತು. ಮಾರನೆಯ ದಿನ ರಜೆ ಹಾಕಿ, ಬೆಳಿಗ್ಗೆಯೇ ಟವೆಲು ಹೊದಿಸಿ ಕೂತೆ. ಮೊದಲು ಮೇಲಿನ ನೀಲಿ ಪಟ್ಟಿ ಬಂತು. ಆಮೇಲೆ ಅರ್ಧ ತಲೆಬರಹ. ಬಹಳ ಹೊತ್ತಿನ ಮೇಲೆ ಗಿರಿಜೆಯ ನಂಬರು, ಅದರ ಕೆಳಗೆ ಅವಳ ಹೆಸರು. ಅಲ್ಲಿಗೆ ನಿಂತಿತು. ಗಿರಿಜೆ ಬಾಗಿಲಲ್ಲಿ ನಿಂತು, "ಬೋರ್ಡ್ ನೋಡೋಕೆ ಅಮ್ಮ ಹೋಗಿರ್ತಾಳೆ. ಬೂತಿಂದ ಫೋನ್ ಮಾಡ್ತಾಳೇನೋ, ಸ್ವಲ್ಪ ಹೊತ್ತು ಬಿಟ್ಟುಕೊಡ್ರೀ" ಎಂದಳು. "ಹೆಸರು ಬಂದಿದೆ ಕಣೇ! ಈಗ ಕಡಿದ್ರೆ ಮತ್ತೆ ಮೊದಲಿಂದ. ಉಳಿದ ಪ್ಯಾಕೆಟ್ಟು ದಾರೀಲಿದೆ, ತಾಳ್ಮೆ ಇರ್ಲಿ" ಎಂದೆ. ಅವಳು ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದಳು.

ಹನ್ನೊಂದರ ಸುಮಾರಿಗೆ ಮುರುಗೇಶಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಗಂಟಿರಲಿಲ್ಲ. "ಸಾರ್, ಓಲ್ಡ್ ಟೌನ್ ಅಮ್ಮ ಒಂದು ಮಾತು ಹೇಳ್ಬುಟ್ಟು ಬಾ ಅಂದ್ರು. ಗಿರಿಜಮ್ಮಂಗೆ ಅಳಬೇಡ ಅಂತ ಹೇಳ್ಬೇಕಂತೆ" ಎಂದ. ಇನ್ನೇನು ಹೇಳಿದರು ಎಂದು ಕೇಳಿದೆ. "ಅವ್ಳೊ ದಾನ್ ಸಾರ್, ಅಷ್ಟೇ" ಎಂದು ಹೊರಟುಹೋದ. ನಮ್ಮವರಲ್ಲಿ ಒಳ್ಳೆಯ ಸುದ್ದಿಯ ಜೊತೆ ಸಕ್ಕರೆ ಬರಬೇಕು. ಅದರಲ್ಲೂ ಅತ್ತೆ, ಎಮ್ಮೆ ಕರು ಹಾಕಿದರೂ ಸಕ್ಕರೆ ಕಳಿಸುವವರು. ಸಕ್ಕರೆಯಿಲ್ಲದೆ ಅಳಬೇಡ ಎಂಬ ಮಾತು ಬಂದಿದೆ ಎಂದರೆ ಅರ್ಥವೇನು? ತಿರುಗಿ ನೋಡಿದರೆ ಗಿರಿಜೆ ಮೊರ ಹಿಡಿದುಕೊಂಡೇ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ಅಷ್ಟರಲ್ಲಿ ಇಸ್ಮಾಯಿಲ್ ಸಾಹೇಬರು ಗೇಟಿನ ಹೊರಗಿನಿಂದಲೇ, "ಸಾರ್, ಜಲ್ದಿ ಇದೆ, ಒಳಗೆ ಬರಲ್ಲ. ಫೋನು ಸರಿಯಾಗಿ ಇಡಬೇಕಂತೆ, ಅಮ್ಮ ಮಗಳ ಹತ್ರ ಮಾತಾಡ್ಬೇಕಂತೆ" ಎಂದು ಕೂಗಿ ಆಟೋ ಹತ್ತಿದರು. ಉಳಿದಿದ್ದ ಆಸೆಯೂ ಹೋಯಿತು. ಅಳುವ ಮಗಳಿಗೆ ಸಮಾಧಾನ ಹೇಳಲು ತಾಯಿ ಫೋನಿಗೆ ಕಾದು ನಿಂತಿದ್ದಾಳೆ.

ಆಗ ನಾನು ಮಾಡಿದ ಭಾಷಣವನ್ನು ನೆನೆಸಿಕೊಂಡರೆ ಇವತ್ತಿಗೂ ಮುಸುಕು ಹೊದ್ದು ಮಲಗೋಣ ಅನ್ನಿಸುತ್ತದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯೇ ಜೀವನವಲ್ಲ ಎಂದೆ. ಅರ್ಥಶಾಸ್ತ್ರ ಓದಿದವರೆಲ್ಲ ಉದ್ಧಾರವಾಗಿದ್ದಾರೆಯೇ ಎಂದೆ. "ತನಕ ಅಂದ್ರೇನು ಕಡಿಮೇನಾ? ಆ ತನಕ ಹೋಗದವರು ಎಷ್ಟು ಜನ ಇಲ್ಲ?" ಎಂದೂ ಹೇಳಿಬಿಟ್ಟೆ. ಗಿರಿಜೆ ಅಳಲಿಲ್ಲ. ಮೊರದಲ್ಲಿದ್ದ ಒಂದು ಕಲ್ಲನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತ, "ಈ ಸಲ ಚೆನ್ನಾಗಿ ಬರ್ದಿದ್ದೆ ಕಣ್ರೀ" ಎಂದಳು. ಅಷ್ಟೇ. ಹದಿನೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಆಸೆ, ಅದನ್ನು ಹೇಳಿಕೊಳ್ಳಲು ಅವಳಿಗೆ ನಾನು ಕೊಟ್ಟ ಸಂದರ್ಭ ಎಂದರೆ ಯಾರದೋ ಎದುರಿಗೆ ಆಡಿದ ಆ ಒಂದು ಮಾತು. ಅವಳು ಪಾಸಾಗಿದ್ದರೆ ಸಾಕಿತ್ತು, ಇಂಟರ್ನೆಟ್ಟೂ ಬೇಡ, ನನ್ನ ಜಂಭವೂ ಬೇಡ ಎನ್ನಿಸಿತು. ಪರದೆಯ ಮೇಲೆ ಅವಳ ಹೆಸರು ಮಾತ್ರ ಹಾಗೆಯೇ ನಿಂತಿತ್ತು.

ಊಟದ ಹೊತ್ತು ದಾಟಿದ ಮೇಲೆ ಸರೋಜಮ್ಮ ಟೀಚರ್ ಬಂದರು. ಒಂದು ಕೈಯಲ್ಲಿ ದಂಟಿನ ಸೊಪ್ಪು, ಇನ್ನೊಂದು ಕೈಯಲ್ಲಿ ಪೇಪರಿನ ಪೊಟ್ಟಣ. "ಅಯ್ಯೋ, ಬರೋವಾಗ ಮಾರ್ಕೆಟ್ಟಲ್ಲಿ ಇಳಿದೆ ನೋಡಿ, ತಡವಾಯ್ತು. ಗಿರಿಜಾ, ಬಾಯಿ ತೆಗಿ! ನಿಮ್ಮಮ್ಮ ಸಕ್ಕರೆ ಕಳಿಸಿದಾರೆ. ಪಾಸು ಕಣೇ! ಬೋರ್ಡಲ್ಲಿ ಬೆರಳಿಟ್ಟು ನೋಡಿ ಬಂದ್ರಂತೆ!" ಎಂದು ಅವಳ ಬಾಯಿಗೆ ಸಕ್ಕರೆ ಸುರಿದೇಬಿಟ್ಟರು. ಅಷ್ಟು ಹೊತ್ತು ಅಳದಿದ್ದ ಗಿರಿಜೆ ಆಗ ಅತ್ತಳು. ಬಾಯಿತುಂಬ ಸಕ್ಕರೆಯಿಟ್ಟುಕೊಂಡು ಜೋರಾಗಿ ಅತ್ತಳು. ನಾನೂ ಮುಖ ಒರೆಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿ, ಕೊನೆಗೆ ಫೋನಿನ ಮೇಲಿದ್ದ ಟವೆಲನ್ನೇ ತೆಗೆದುಕೊಂಡೆ.

ಟೀಚರ್ ಹೋಗುತ್ತಲೇ ಗಿರಿಜೆ ನೆಟ್ಟಗೆ ಬಂದು ಮೋಡೆಮಿನ ತಂತಿ ಕಿತ್ತಳು. ಹೆಚ್ಚು ಹೊತ್ತಾಗಲಿಲ್ಲ, ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಅತ್ತೆ ಹಲೋ ಕೂಡ ಅನ್ನದೆ, "ಮೂರೂ ಮುಟ್ಟಿದ್ವಾ?" ಎಂದು ಕೇಳಿದರು. ಬೆಳಿಗ್ಗೆಯಿಂದ ಬೂತಿನಲ್ಲಿ ನಿಂತು ಡಯಲ್ ಮಾಡಿ ಸಾಕಾಗಿ ಬಸ್ ಸ್ಟ್ಯಾಂಡಿಗೆ ಹೋಗಿದ್ದರಂತೆ. "ಪಾಸಾದ ಮಾತು ಮೊದಲು ಟೀಚರ್ ಹತ್ರ ಕೊಟ್ಟೆ. ಖುಷಿಗೆ ಅಳ್ತಾಳೆ ಇವ್ಳು, ಚಿಕ್ಕವಳಿದ್ದಾಗಿಂದ ಹಂಗೇ, ಅದಕ್ಕೆ ಅಳಬೇಡ ಅಂತ ಮುರುಗೇಶನ ಹತ್ರ. ಫೋನಿನ ಮಾತು ಸಾಹೇಬ್ರ ಹತ್ರ." ನನಗೆ ತಡೆಯಲಾಗಲಿಲ್ಲ. "ಮೂರನ್ನೂ ಒಬ್ರ ಹತ್ರಾನೇ ಹೇಳಿ ಕಳಿಸಬಾರದಾಗಿತ್ತಾ ಅತ್ತೆ? ಇಲ್ಲಿ ನಮ್ಮ ಜೀವ ಹೋಗಿತ್ತು!" ಎಂದೆ. "ಪೂರ್ತಿ ಸುದ್ದಿ ಒಬ್ರ ಬಾಯಿಗೆ ಕೊಟ್ರೆ ಶಿವಮೊಗ್ಗ ಮುಟ್ಟೋದ್ರಲ್ಲಿ ಅದಕ್ಕೆ ಕೈಕಾಲು ಬಂದಿರುತ್ತೆ ಅಳಿಯಂದ್ರೆ. ಮೂರೂ ಬರೋ ತನಕ ನೀವು ಕಾಯಬೇಕಿತ್ತು" ಎಂದರು.

ನಾನು ಫೋನನ್ನು ಗಿರಿಜೆಗೆ ಕೊಟ್ಟು, ನಾಗರಾಜ ಬಸ್ಸಿನಲ್ಲಿ ಕೇಳಿದ್ದ ಪ್ರಶ್ನೆಯನ್ನು ನೆನೆಸಿಕೊಂಡೆ. ಟೀ ಆದ ಮೇಲಿನ ಪಾಠ ಅಷ್ಟು ವರ್ಷದಿಂದ ನಮ್ಮ ಮನೆಗೆ ಹೋಳಿಗೆ, ಸಾರು, ತುಪ್ಪವಾಗಿ ಬರುತ್ತಲೇ ಇತ್ತು. ನಾನು ಸಾರು ಬಂದ ಕೂಡಲೇ ಅನ್ನಕ್ಕೆ ಕಲಸಿಬಿಟ್ಟಿದ್ದೆ. ಇಂಟರ್ನೆಟ್ಟಿನ ಆ ಪುಟ ಮಾರನೆಯ ದಿನ ಪೂರ್ತಿ ಬಂತು. ಅಷ್ಟು ಹೊತ್ತಿಗೆ ಬೀದಿಗೆಲ್ಲ ಹಂಚಿ ಉಳಿದ ಸಕ್ಕರೆಗೆ ಇರುವೆ ಹತ್ತಿತ್ತು.

ಮಳೆಗಾಲ ಮುಗಿದ ಮೇಲೆ ಯಾವುದೋ ಬೇರೆ ಲೆಕ್ಕ ಬರೆದುಕೊಳ್ಳಲು ಅದೇ ಹುಡುಗಿ ಮತ್ತೆ ಬಂದಳು. ಅವಳು ಕೇಳುವ ಮೊದಲೇ ನಾನು, "ಬರ್ಕೊಳಮ್ಮ, ನಮ್ಮನೆಯವರು ಪಿಯುಸಿ ಪಾಸು!" ಎಂದೆ. ಗಿರಿಜೆ ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗು ಇತ್ತು, ನೋಡಿ ನನಗೂ ಹಿತವಾಯಿತು. ಹುಡುಗಿ ಮೇಜಿನ ಕಡೆ ನೋಡಿ, "ಹೊಸದೊಂದು ಪ್ರಶ್ನೆ ಇದೆ. ಸಾರ್‌ಗೆ ಕಂಪ್ಯೂಟರು, ಇಂಟರ್ನೆಟ್ಟು ಎಲ್ಲಾ ಬರುತ್ತಾ?" ಎಂದಳು. ನಾನು ಗಂಟಲು ಸರಿಮಾಡಿಕೊಂಡು, "ನೋಡಮ್ಮ, ನೀನೊಂದು ಕಾಗದ ಕಳಿಸ್ತೀಯ ಅಂತ ಇಟ್ಕೋ..." ಎಂದು ಶುರುಮಾಡಿದೆ. ಗಿರಿಜೆ ಕಾಫಿ ಲೋಟವನ್ನು ಅವಳ ಕೈಗೆ ಕೊಡುತ್ತ, "ಬರುತ್ತೆ ಕಣಮ್ಮ," ಎಂದಳು, "ಪ್ಯಾಕೆಟ್ ತನಕ."

ಆ ಹುಡುಗಿ ಹಾಗೆಯೇ ಬರೆದುಕೊಂಡಳು.