ಐವತ್ತು ಮಂದಿ ಕುಂತಿರಬೇಕು

ಸಿನಿಮಾ ನೋಡಿ, ಸುಮ್ಮನೆ ಎದ್ದು, ಸುಮ್ಮನೆ ಮನೆಗೆ ಬರುವುದು ನಮ್ಮ ಮೂವರ ಹಣೆಯಲ್ಲಿ ಬರೆದೇ ಇರಲಿಲ್ಲ. ಥೇಟರಿನ ಮೆಟ್ಟಿಲು ಹತ್ತಿದ ಗಳಿಗೆಯಿಂದ ಏನಾದರೊಂದು ಎಡವಟ್ಟು ಬೆನ್ನು ಹತ್ತಿಯೇ ಬರುತ್ತಿತ್ತು. ಮೂವರು ಅಂದರೆ, ಗಂಗಾವತಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು, ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಲೆಕ್ಚರರು, ಮತ್ತು ರೈತರ ಭತ್ತ ತೂಗಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರ. ಲೆಕ್ಚರರಿಗೆ ಸಿನಿಮಾ ಅಂದರೆ ದೇವರು. ಸಾಹುಕಾರನಿಗೆ ಸಿನಿಮಾ ಅಂದರೆ ನೆರಳು ಮತ್ತು ಫ್ಯಾನು. ನನಗೆ ಇವರಿಬ್ಬರನ್ನು ಅಕ್ಕಪಕ್ಕ ಕೂರಿಸಿಕೊಂಡು ನೋಡುವುದೇ ಸಿನಿಮಾ. ಇದೆಲ್ಲ ಎಂಬತ್ತರ ದಶಕದ ಮೊದಲ ವರ್ಷಗಳ ಮಾತು.

ಟವೆಲ್ಲು

ಬೆಂಗಳೂರಿನಲ್ಲಿ ದೊಡ್ಡ ಚಿತ್ರೋತ್ಸವ, ದೇಶದೇಶದ ಸಿನಿಮಾ ಬರುತ್ತವೆ ಎಂದು ಪೇಪರಿನಲ್ಲಿ ಓದಿದಾಗಿನಿಂದ ಲೆಕ್ಚರರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮಿಬ್ಬರನ್ನೂ ಹೊರಡಿಸಿದರು. ನಾನು ರಜೆ ಹಾಕಿದೆ, ಸಾಹುಕಾರ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟ. ಹೊಸಪೇಟೆಯವರೆಗೆ ಬಸ್ಸು, ಅಲ್ಲಿಂದ ರೈಲು. ಒಂದು ಚೀಲದ ತುಂಬ ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಯಾರು ಟವೆಲ್ಲು ಒಗೆದರೋ ಆ ಸೀಟು ಅವರದು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಇದನ್ನು ಮೀರಿದವನು ಊರು ಸೇರುವತನಕ ಬೈಸಿಕೊಳ್ಳಬೇಕು. ಚಿತ್ರೋತ್ಸವದ ಮೊದಲ ದಿನ ಸಾಹುಕಾರ ಎಲ್ಲರಿಗಿಂತ ಮುಂಚೆ ಒಳಗೆ ನುಗ್ಗಿ, ಎದುರಿನ ಸಾಲಿನ ಮೆತ್ತನೆಯ ಕುರ್ಚಿಯೊಂದರ ಮೇಲೆ ತನ್ನ ಕೆಂಪಂಚಿನ ಟವೆಲ್ಲು ಹಾಸಿ, ನಮ್ಮನ್ನು ಕರೆತರಲು ಹೊರಗೆ ಬಂದ. ತಿರುಗಿ ಹೋಗಿ ನೋಡಿದರೆ ಆ ಕುರ್ಚಿಯಲ್ಲಿ ಬೆಳ್ಳಿ ಕೂದಲಿನ ವಿದೇಶಿ ನಿರ್ದೇಶಕರೊಬ್ಬರು ಕೂತಿದ್ದರು. ಟವೆಲ್ಲನ್ನು ಹೆಗಲ ತುಂಬ ಹೊದ್ದುಕೊಂಡು, ಸುತ್ತಲಿನವರಿಗೆಲ್ಲ ಕೈಮುಗಿಯುತ್ತಿದ್ದರು.

ಸಾಹುಕಾರ ಮುಂದೆ ನುಗ್ಗಿದ. ಲೆಕ್ಚರರು ಅವನ ತೋಳು ಹಿಡಿದು ಎಳೆದರು. "ಸುಮ್ಮನ ಬರ್ರಿ ಸಾವ್ಕಾರ್ರ. ಅವರು ಅದನ್ನ ಸನ್ಮಾನ ಅಂತ ತಿಳ್ಕೊಂಡಾರ. ಈಗ ಕಸ್ಗೊಂಡ್ರ ದೇಶದ ಮರ್ಯಾದಿ ಹೋಗ್ತೈತಿ."

ಮರುದಿನದ ಪೇಪರಿನಲ್ಲಿ ಆ ನಿರ್ದೇಶಕರ ಫೋಟೋ ಬಂತು, ಟವೆಲ್ಲಿನ ಸಮೇತ. ಸಾಹುಕಾರ ಅದನ್ನು ಕತ್ತರಿಸಿ ತಂದು, ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ಬಂದ ರೈತರು ಇವರ‍್ಯಾರು ಎಂದು ಕೇಳಿದರೆ ಒಂದೇ ಉತ್ತರ. "ಆತ ಯಾರಂತ ಗೊತ್ತಿಲ್ಲ. ಟವೆಲ್ಲು ನಂದು."

ನಡೆದವನು

ಎರಡನೆಯ ದಿನ ಒಂದು ಕಪ್ಪುಬಿಳುಪು ಚಿತ್ರ. ಉದ್ದ ಕೋಟು ಹಾಕಿದ ಒಬ್ಬ ಮನುಷ್ಯ ಒಂದು ಪಟ್ಟಣದ ಬೀದಿಗಳಲ್ಲಿ ನಡೆಯುತ್ತಾನೆ. ಮಾತಿಲ್ಲ, ಹಾಡಿಲ್ಲ, ನಡೆಯುತ್ತಲೇ ಇರುತ್ತಾನೆ. ಲೆಕ್ಚರರು ಕತ್ತಲಲ್ಲೇ ನೋಟುಬುಕ್ಕು ತೆಗೆದು ಗೀಚಿಕೊಳ್ಳುತ್ತಿದ್ದರು. ಸಾಹುಕಾರ ಗೊರಕೆ ಹೊಡೆದಾಗಲೆಲ್ಲ ನಾನು ಮೊಣಕೈಯಿಂದ ತಿವಿಯುತ್ತಿದ್ದೆ.

ಚಿತ್ರ ಮುಗಿದ ಮೇಲೆ ಚರ್ಚೆ ಇತ್ತು. ಲೆಕ್ಚರರ ಹತ್ತಿರ ನಾಲ್ಕು ಪುಟದ ಪ್ರಶ್ನೆ ಸಿದ್ಧವಾಗಿತ್ತು. ಆದರೆ ಗಡ್ಡದ ವಿಮರ್ಶಕರೊಬ್ಬರು ಮೈಕನ್ನು ನೇರವಾಗಿ ಸಾಹುಕಾರನ ಬಾಯಿಗೆ ಹಿಡಿದು, ನಿಮಗೆ ಏನನ್ನಿಸಿತು ಹೇಳಿ ಎಂದರು. ಧೋತರ ಉಟ್ಟ ಹಳ್ಳಿಯವರೊಬ್ಬರು ಮಾತಾಡಲಿ ಎಂಬ ಆಸೆ ಅವರಿಗೆ.

ಸಾಹುಕಾರ ಕಣ್ಣುಜ್ಜಿಕೊಂಡು ಎದ್ದು ನಿಂತ. "ನಾನು ಎರಡ ಸಲ ಮಲಗಿ ಎದ್ದೆ, ಆತ ನಡೀತಾನ ಇದ್ದ. ಅಷ್ಟು ಮಂದಿ ಎದುರಿಗೆ ಬಂದ್ರು. ಒಬ್ಬರಾದ್ರೂ ಯಾವೂರು, ಎಲ್ಲಿಗೆ ಹೊಂಟೀರಿ ಅಂತ ಕೇಳ್ಲಿಲ್ರಿ."

 ಸಭೆಯ ತುಂಬ ಚಪ್ಪಾಳೆಯೋ ಚಪ್ಪಾಳೆ. ಪಟ್ಟಣದ ಮನುಷ್ಯನ ಒಂಟಿತನವನ್ನು ಇಷ್ಟು ಸರಳವಾಗಿ ತಾವು ಕೇಳಿಯೇ ಇರಲಿಲ್ಲ ಎಂದು ಗಡ್ಡದವರು ಸಾಹುಕಾರನ ಕೈ ಕುಲುಕಿದರು. ಮೈಕು ಲೆಕ್ಚರರ ತನಕ ಬರಲೇ ಇಲ್ಲ. ಹೊರಗೆ ಬಂದು ಅವರು ಅರ್ಧ ಕಪ್ ಚಹಾ ಕುಡಿದರು, ನೋಟುಬುಕ್ಕು ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: "ಸಾವ್ಕಾರ್ರ, ನೀವು ಮಲಗಿದ್ದು ಯಾವ ಭಾಗದಾಗ? ನಾಳೆ ನಾನೂ ಅಲ್ಲೇ ಮಲಗ್ತೀನಿ."

ಊಟ ಆತೇನು

ಊರಿಗೆ ಬಂದ ಮೇಲೆ ಲೆಕ್ಚರರಿಗೆ ಹುಚ್ಚು ಹಿಡಿಯಿತು. ಗಂಗಾವತಿಯಲ್ಲೂ ಚಿತ್ರೋತ್ಸವ ಆಗಬೇಕು, ಐದು ದಿನ, ಐದು ಚಿತ್ರ. ಕಾಲೇಜಿನಲ್ಲಿ ಜೊತೆಯವರು ನಕ್ಕಿದ್ದರು. ಈ ಊರಿನವರಿಗೆ ಅಕ್ಕಿ ಬಿಟ್ಟರೆ ಬೇರೆ ಕಲೆ ಗೊತ್ತಿಲ್ಲ ಎಂದಿದ್ದರು. ಆ ಮಾತು ಅವರಿಗೆ ಮುಳ್ಳಿನ ಹಾಗೆ ನಟ್ಟಿತ್ತು. ಬೆಂಗಳೂರಿಗೆ ಪತ್ರದ ಮೇಲೆ ಪತ್ರ ಬರೆದು, ಐದು ಚಿತ್ರಗಳ ರೀಲಿನ ಡಬ್ಬಿ ಕಳಿಸಲು ಒಂದು ಸಂಘದವರನ್ನು ಒಪ್ಪಿಸಿದರು. ಐದೂ ಚಿತ್ರ ಪೂರ್ತಿ ತೋರಿಸಿದರೆ ಮಾತ್ರ ಮುಂದಿನ ವರ್ಷ ಮತ್ತೆ ಕಳಿಸುತ್ತೇವೆ ಎಂದು ಅವರು ಬರೆದರು.

ಥೇಟರ್ ಮಾಲಕರು ಬೆಳಗಿನ ಹೊತ್ತು ಥೇಟರನ್ನು ಪುಕ್ಕಟೆ ಕೊಡಲು ಒಪ್ಪಿದರು. ಆದರೆ ಖಾಲಿ ಕುರ್ಚಿ ಥೇಟರಿಗೆ ಅಪಶಕುನ ಎಂಬ ನಂಬಿಕೆ ಅವರದು. ಅದಕ್ಕೇ ಒಂದು ಕರಾರು ಹಾಕಿದರು. "ಸಿನಿಮಾ ಮುಗದು ದೀಪ ಹತ್ತಿದಾಗ ಐವತ್ತ ಮಂದಿ ಕುಂತಿರಬೇಕು. ಕಮ್ಮಿ ಆತಂದ್ರ ಅವತ್ತಿಗೇ ನಿಮ್ಮ ಉತ್ಸವ ಬಂದ್."

ನೋಡುವವರಿಗೂ ಪುಕ್ಕಟೆ ಎಂದ ಮೇಲೆ ಮೊದಲ ದಿನ ಮಂದಿ ಬಂದರು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೆಲಸಕ್ಕೆ ಬಂದವರೂ ಚಪ್ಪಲಿ ಬಿಟ್ಟು ಒಳಗೆ ಕೂತರು. ಚಿತ್ರದ ಮಾತು ಯಾವುದೋ ಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರ. ಲೆಕ್ಚರರು ಪರದೆಯ ಪಕ್ಕ ಮೈಕು ಹಿಡಿದು ನಿಂತು, ಅದನ್ನು ಓದಿಕೊಂಡು ಕನ್ನಡದಲ್ಲಿ ಹೇಳುವುದು ಎಂದಾಯಿತು. ಅರ್ಧ ಗಂಟೆ ಛಲೋ ನಡೆಯಿತು. ಆಮೇಲೆ ಚಿತ್ರದ ಗಂಡ ತನ್ನ ಹೆಂಡತಿಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೋ ಅಂದ. ಲೆಕ್ಚರರು ಅಕ್ಷರ ಓದಿದರು, ಮುಖ ಕೆಂಪಾಯಿತು. ಎದುರಿಗೆ ಅವರದೇ ವಿದ್ಯಾರ್ಥಿಗಳು, ಬಲಗಡೆ ಹೆಂಗಸರು.

ಸರ, ಈಗ ಏನಂದ ಎಂದು ಹಿಂದಿನಿಂದ ಯಾರೋ ಕೇಳಿದರು. ಲೆಕ್ಚರರು ಗಂಟಲು ಸರಿಮಾಡಿಕೊಂಡು, "ಊಟ ಆತೇನು ಅಂತ ಕೇಳಾಕತ್ತಾನ" ಅಂದರು.

ದುರ್ದೈವಕ್ಕೆ ಆ ಗಂಡ ಭಾಳ ಪ್ರೀತಿಯ ಮನುಷ್ಯ. ಅಡುಗೆಮನೆಯಲ್ಲಿ, ತೋಟದಲ್ಲಿ, ದೋಣಿಯಲ್ಲಿ, ಹೆಂಡತಿ ಸಿಕ್ಕಲ್ಲೆಲ್ಲ ಕಿವಿಯಲ್ಲಿ ಮಾತಾಡಿದ. ಪ್ರತಿ ಸಲವೂ ಮೈಕಿನಿಂದ ಊಟ ಆತೇನು ಎಂದೇ ಬಂತು. ಕೊನೆಗೆ ಆಕೆ ಅವನ ಎದೆಗೆ ಒರಗಿ ಅತ್ತಳು. ದೀಪ ಹತ್ತಿದಾಗ ಅರವತ್ತು ಮಂದಿ ಕೂತಿದ್ದರು, ಮಾಲಕರು ತಲೆಯಾಡಿಸಿದರು, ಲೆಕ್ಚರರು ಬೆವರು ಒರೆಸಿಕೊಂಡರು. ಹೊರಗೆ ಹೋಗುತ್ತ ಒಬ್ಬ ಅಜ್ಜಿ ಪಕ್ಕದವಳಿಗೆ ಹೇಳುತ್ತಿದ್ದಳು: "ಗಂಡ ಬಂಗಾರದಂಥಾವ. ಆರ ಸಲ ಊಟ ಕೇಳ್ಯಾನ. ಈಕಿ ಉಣ್ಣಲಿಲ್ಲ ನೋಡು, ಕಡೀಗಿ ಹಸದು ಅತ್ತಳು."

ಲಾರಿ

ಎರಡು, ಮೂರನೆಯ ದಿನ ಐವತ್ತೆರಡು, ಐವತ್ತೊಂದು ಎಂದು ಕೂದಲೆಳೆಯಲ್ಲಿ ಪಾರಾದೆವು. ಐವತ್ತೊಂದನೆಯವನು ಎದ್ದು ಹೋಗದಂತೆ ನಾನೇ ಅವನ ಪಕ್ಕ ಕೂತು ಕಾಲುವೆ ನೀರು ಯಾವಾಗ ಬಿಡುತ್ತಾರೆ ಎಂದು ಕೊನೆಯ ತನಕ ಹೇಳಿದ್ದೆ. ನಾಲ್ಕನೆಯ ದಿನ ಚಿತ್ರ ಶುರುವಾದಾಗ ಎಣಿಸಿದರೆ ಇಪ್ಪತ್ತೆಂಟು ತಲೆ. ಲೆಕ್ಚರರು ಮೈಕು ಹಿಡಿದವರು ಹಾಗೇ ನಿಂತರು. ಆ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಸಾಹುಕಾರ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಭತ್ತದ ಚೀಲ ಹೊರುವ ಹಮಾಲರನ್ನು ಮೂವತ್ತು ಮಂದಿ ಕರೆತಂದ. ಅವರು ಬೆಳಗಿನ ಜಾವದಿಂದ ಮೂಟೆ ಹೊತ್ತು ಬಂದವರು. ತಣ್ಣನೆಯ ಕತ್ತಲು, ಮೇಲೆ ಫ್ಯಾನು. ಕೂತ ಐದು ನಿಮಿಷಕ್ಕೆ ಮೂವತ್ತೂ ಜನ ಕಾಲು ಚಾಚಿ ನಿದ್ದೆ ಹೋದರು. ಗೊರಕೆಯಲ್ಲಿ ಲೆಕ್ಚರರ ಮೈಕು ಕೇಳಲಿಲ್ಲ. ಆದರೂ ನಮಗೆ ಸಮಾಧಾನ, ಸಂಖ್ಯೆ ಐವತ್ತೆಂಟಾಗಿತ್ತು.

ಕಡೆಯ ರೀಲು ಓಡುವಾಗ ಮಾಲಕರು ಒಳಗೆ ಬಂದು ನೋಡಿ, ನಾನು ಕುಂತಿರಬೇಕು ಅಂದೀನಿ, ಮಲಗಿರಬೇಕು ಅಂದಿಲ್ಲ ಎಂದು ತಕರಾರು ತೆಗೆದರು. ಸಾಹುಕಾರನಿಗೆ ಸಿಟ್ಟು ಬಂತು. ಎಬ್ಬಿಸಿ ಕೂರಿಸಿದರೆ ಆಯಿತಲ್ಲ ಎಂದವನೇ, ದಿನಾ ಅಂಗಡಿಯ ಮುಂದೆ ಅವರನ್ನು ಹೇಗೆ ಎಬ್ಬಿಸುತ್ತಿದ್ದನೋ ಹಾಗೇ ಕೂಗಿದ: "ಲಾರಿ ಬಂತ್ರೋ."

ಮೂವತ್ತೂ ಹಮಾಲರು ಒಂದೇ ಜಿಗಿತಕ್ಕೆ ಎದ್ದರು. ಹೆಗಲ ಮೇಲೆ ಗೋಣಿತಟ್ಟು ಹಾಕಿಕೊಂಡು, ಬಾಗಿಲು ತಳ್ಳಿಕೊಂಡು ಹೊರಗೆ ಓಡಿದರು. ಉಳಿದವರಲ್ಲೂ ಐದಾರು ಮಂದಿ ಏನೋ ಆಗಿದೆ ಎಂದು ಅವರ ಹಿಂದೆ ಹೋದರು. ದೀಪ ಹತ್ತಿದಾಗ ಕೂತಿದ್ದವರು ಇಪ್ಪತ್ತೆರಡು. ಹೊರಗೆ ಹಮಾಲರು ರಸ್ತೆಯ ಎರಡೂ ಕಡೆ ನೋಡುತ್ತ ನಿಂತಿದ್ದರು. ಅವರಲ್ಲೊಬ್ಬ ಒಳಗೆ ಇಣುಕಿ, "ಸಾವ್ಕಾರ್ರ, ಲಾರಿ ಸಿನಿಮಾದಾಗ ಬಂದಿತ್ತೇನ್ರಿ?" ಎಂದು ಕೇಳಿದ.

ಭತ್ತ

ಮಾಲಕರು ಬಂದ್ ಎಂದರು.  ಲೆಕ್ಚರರು ಉಳಿದ ಒಂದು ಚಿತ್ರದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಟಿಕೆಟ್ ಕಿಟಕಿಯ ಕೆಳಗಿನ ಕಟ್ಟೆಯಲ್ಲಿ ಕೂತುಬಿಟ್ಟರು. ಅದನ್ನು ನೋಡಿ ಮಾಲಕರಿಗೇ ಕನಿಕರ ಬಂತು. ಇದೊಂದು ತೋರಿಸಿಬಿಡಿ, ಆದರೆ ನಾಳೆಯೂ ಐವತ್ತಕ್ಕೆ ಕಡಿಮೆಯಾದರೆ ಮುಂದೆ ಈ ಥೇಟರಿನಲ್ಲಿ ಉತ್ಸವದ ಮಾತೇ ಎತ್ತಬಾರದು ಎಂದರು.

ಮರುದಿನ ಸಂತೆ. ಸುಗ್ಗಿಯ ಕಾಲ. ತಂದ ಭತ್ತ ತೂಕಕ್ಕೆ ಬರುವತನಕ ಮಧ್ಯಾಹ್ನದವರೆಗೆ ಕಾಯಬೇಕಾದ ರೈತರನ್ನೆಲ್ಲ ಸಾಹುಕಾರ ಥೇಟರಿಗೆ ತಂದು ತುಂಬಿದ. ನಾವು ಮೂವರೂ ಆ ಚಿತ್ರ ನೋಡಿರಲಿಲ್ಲ. ದೀಪ ಆರಿತು. ಪರದೆಯ ಮೇಲೆ ಮೂಡಿದ್ದು ನೀರು ನಿಂತ ಗದ್ದೆ. ಸಮುದ್ರದಾಚೆಯ ಯಾವುದೋ ನಾಡಿನಲ್ಲಿ ಒಬ್ಬ ಮುದುಕ ಮತ್ತು ಅವನ ಸೊಸೆ ಭತ್ತದ ಸಸಿ ಹಚ್ಚುತ್ತಿದ್ದರು.

ಥೇಟರಿನಲ್ಲಿ ಗುಜುಗುಜು ಎದ್ದಿತು. ಸಸಿ ಭಾಳ ಅಗಲ ಹಚ್ಚಾಕತ್ತಾರ ಎಂದು ಒಬ್ಬರು, ಇಲ್ಲ, ಅಲ್ಲಿ ನೆಲ ಸತ್ವದ್ದಿರಬೇಕು ಎಂದು ಇನ್ನೊಬ್ಬರು. ಸಂತೆಗೆ ಬಂದಿದ್ದ ಯಲಬುರ್ಗಾದ ಒಣಭೂಮಿಯ ಜೋಳದ ರೈತನೊಬ್ಬ, ಇಷ್ಟು ನೀರಿದ್ದರೆ ನಾನೂ ಸಿನಿಮಾದಾಗ ಬರ್ತಿದ್ದೆ ಎಂದು ನಿಟ್ಟುಸಿರುಬಿಟ್ಟ. ಗದ್ದೆಗೆ ಹುಳ ಬಿದ್ದಾಗ ನಾಲ್ಕಾರು ಮಂದಿ ಎದ್ದು ನಿಂತು ಔಷಧಿ ಹೇಳಿದರು. ಲೆಕ್ಚರರು ಎರಡು ಮಾತು ಓದಿ ಮೈಕು ಕೆಳಗಿಟ್ಟರು. ಅವತ್ತು ಯಾರಿಗೂ ಅದು ಬೇಕಾಗಿರಲಿಲ್ಲ. ಗೋಡೆಗೆ ಒರಗಿ ಮಂದಿಯ ಮುಖಗಳನ್ನೇ ನೋಡುತ್ತಿದ್ದ ಅವರ ಕಣ್ಣು ಒದ್ದೆಯಾಗಿತ್ತು, ನಾನು ಕಂಡೆ.

ಕಡೆಗೆ ಭತ್ತ ಬಂಗಾರವಾಯಿತು. ಮುದುಕ, ಸೊಸೆ ಕೊಯ್ದು ಹೊಲದ ತುಂಬ ಹರಡಿದರು. ಆಗ ಮೋಡ ಕವಿಯಿತು. ಮುದುಕ ತಲೆಯೆತ್ತಿ ಆಕಾಶ ನೋಡಿದ. ನೋಡಿದ, ನೋಡುತ್ತಲೇ ಇದ್ದ. ಚಿತ್ರ ಮುಗಿಯಿತು.

ದೀಪ ಹತ್ತಿತು. ಮಾಲಕರು ತಾವೇ ಎಣಿಸಿದರು. ನೂರರ ಮೇಲಿದ್ದರು, ಒಬ್ಬನೂ ಎದ್ದಿರಲಿಲ್ಲ. ಅವರು ಲೆಕ್ಚರರ ಬೆನ್ನು ತಟ್ಟಿದರು. ಸಾಹುಕಾರ ನನ್ನನ್ನು ಅಪ್ಪಿಕೊಂಡ. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಮಂದಿ ಬಿಳಿ ಪರದೆ ನೋಡುತ್ತ ಕೂತೇ ಇದ್ದರು. ಹೊರಗೆ ಮ್ಯಾಟ್ನಿ ಶೋಗೆ ಬಂದವರು ಬಾಗಿಲು ಬಡಿಯತೊಡಗಿದರು.

ಲೆಕ್ಚರರು ಮೈಕು ತೆಗೆದುಕೊಂಡು, ಚಿತ್ರ ಇಷ್ಟೇ, ಮುಂದಿನದನ್ನು ನಿರ್ದೇಶಕರು ನಿಮಗೇ ಬಿಟ್ಟಿದ್ದಾರೆ, ಮನೆಗೆ ಹೋಗಿ ವಿಚಾರ ಮಾಡಬೇಕು ಎಂದು ತಿಳಿಸಿ ಹೇಳಿದರು.

ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಹಿರಿಯ ರೈತನೊಬ್ಬ ಎದ್ದು ನಿಂತ. "ಮನಿಗೆ ಹೋಗಿ ವಿಚಾರ ಮಾಡೂದ್ರಾಗ ಭತ್ತ ತೋಯ್ತೈತ್ರಿ ಸರ. ಕೊಯ್ದ ಬೆಳಿ ಹೊಲದಾಗ ಬಿಟ್ಟು ನಮ್ಮ ಕಡೆ ಯಾರೂ ಎದ್ದು ಹೋಗಂಗಿಲ್ಲ. ರಾಶಿ ಆಗಲಿ, ಹೋಗ್ತೀವಿ."

ಹೌದು ಹೌದು ಎಂದರು ಎಲ್ಲರೂ. ಬಾಗಿಲು ಬಡಿಯುವುದು ಜೋರಾಯಿತು. ಈಗ ಮಾಲಕರ ಮುಖದಲ್ಲಿ ಬೆವರು. ಹೇಗಾದರೂ ಮಾಡಿ ಇವರನ್ನು ಎಬ್ಬಿಸಿ ಕೊಡಿ ಎಂದು ಲೆಕ್ಚರರ ಕೈ ಹಿಡಿದುಕೊಂಡರು.

ಪಾಪ ಲೆಕ್ಚರರು. ಇನ್ನೊಬ್ಬರ ಚಿತ್ರಕ್ಕೆ ಒಂದು ಮಾತು ಸೇರಿಸುವುದು ಅವರ ಲೆಕ್ಕದಲ್ಲಿ ದೇವರ ಮೂರ್ತಿಗೆ ಮೀಸೆ ಬರೆದ ಹಾಗೆ. ಒಮ್ಮೆ ಪರದೆ ನೋಡಿದರು, ಒಮ್ಮೆ ರೈತರನ್ನು ನೋಡಿದರು. ಕಣ್ಣು ಮುಚ್ಚಿಕೊಂಡು ಮೈಕು ಬಾಯಿಗೆ ಹಿಡಿದರು.

"ಮಳಿ ಬರಲಿಲ್ಲ," ಅಂದರು.

ಥೇಟರು ಉಸಿರುಬಿಟ್ಟಿತು. ಆದರೆ ಯಾರೂ ಏಳಲಿಲ್ಲ. ಮೋಡ ಯಾವ ಕಡೆ ಹೋಯಿತು ಎಂದು ಕೇಳಿದರು. ಸಮುದ್ರದ ಕಡೆ ಎಂದು ಹೇಳಿದ್ದಾಯಿತು. ಕೊಯ್ದ ಭತ್ತದ ಸೂಡು ಯಾರು ಕಟ್ಟಿದರು, ಆ ಮುದುಕನ ಕೈಲಿ ಆಗುತ್ತದೇನು ಎಂದರು. ಪಟ್ಟಣಕ್ಕೆ ಹೋದ ಮಗ ತಿರುಗಿ ಬಂದ ಎಂದರು ಲೆಕ್ಚರರು. ಚಿತ್ರದಲ್ಲಿ ಮಗನೇ ಇರಲಿಲ್ಲ. ಹೀಗೆ ಸೂಡು ಕಟ್ಟಿ, ಬಣವಿ ಒಟ್ಟಿ, ಕಣ ಸಾರಿಸಿ, ಭತ್ತ ಬಡಿದು ರಾಶಿ ಹಾಕಿ, ಇಂಗ್ಲಿಷ್ ಲೆಕ್ಚರರು ಕಾಲು ಗಂಟೆಯಲ್ಲಿ ಒಂದಿಡೀ ಸುಗ್ಗಿ ಮಾಡಿದರು. ತಪ್ಪಿದಲ್ಲಿ ರೈತರೇ ತಿದ್ದಿದರು. ರಾಶಿ ಪೂಜೆಯಾಯಿತು ಎಂದ ಮೇಲೆ ಎಲ್ಲರೂ ಕೈಮುಗಿದು, ಟವೆಲ್ಲು ಕೊಡವಿಕೊಂಡು ಎದ್ದರು.

ವಿರೂಪಾಪುರಗಡ್ಡೆಯ ಆ ಹಿರಿಯ ಹೋಗುವ ಮುಂಚೆ ಲೆಕ್ಚರರ ಹತ್ತಿರ ಬಂದ. "ಮಳಿ ಬರಲಿಲ್ಲಂತ ಮೊದಲ ಹೇಳಬಾರದೇನ್ರಿ ಸರ? ಎದಿ ಹೊಡ್ಕೊಳಾಕತ್ತಿತ್ತು," ಅಂದ. ಲೆಕ್ಚರರು ಅವನ ಎರಡೂ ಕೈ ಹಿಡಿದುಕೊಂಡರು. 

ಆಮೇಲೆ ಧೈರ್ಯ ಮಾಡಿ, ಮುಂದಿನ ವರ್ಷ ಮತ್ತೆ ಥೇಟರು ಕೊಡುತ್ತೀರೇನು ಎಂದು ನಾನೇ ಮಾಲಕರನ್ನು ಕೇಳಿದೆ. ಅವರು ಟಿಕೆಟ್ ಕಿಟಕಿಯ ಮುಂದೆ ಕಿತ್ತಾಡುತ್ತಿದ್ದ ಮಂದಿಯನ್ನು ನೋಡುತ್ತ, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದರು:

"ಕೊಡ್ತೀನಿ. ಆದರ ಕರಾರು ಬದಲಿ ಮಾಡ್ರಿ. ಎಷ್ಟ ಮಂದಿ ಬೇಕಾದ್ರೂ ಕುಂದರ್ಲಿ. ಕುಂತಾವರು ಏಳಬೇಕು, ಅಷ್ಟ."