ಮೂರನೆಯ ವಿಕ್ರಾಂತ

ಸಂಜೆ ನಾಲ್ಕೂ ಇಪ್ಪತ್ತಕ್ಕೆ ನಮ್ಮ ಕಾಕಾ ಹೈದರಾಬಾದಿನಲ್ಲಿ ಸಮುದ್ರವನ್ನು ಕಂಡರು. ಈ ಊರಿನಲ್ಲಿ ಸಮುದ್ರವೆಲ್ಲಿದೆ ಎಂದು ನೀವು ಕೇಳಬಹುದು. ನಾಚಾರಂನ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಎಂದರೆ ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿತ್ತು. ಮಳೆಗೆ ನಾಲಾ ಉಕ್ಕಿ ನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು.

ಕಾಕಾ ಹರೆಯದಲ್ಲಿ ನೌಕಾಪಡೆಯವರು, ಹಳೆಯ ವಿಕ್ರಾಂತ ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ಆ ಹಡಗು ನಿವೃತ್ತವಾಯಿತು, ಕಡೆಗೆ ಗುಜರಿಗೂ ಹೋಯಿತು. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಕಾಕಾ ಹಾಯಾಗಿದ್ದರು. "ಹಡಗು ಸಾಯೂದಿಲ್ಲವ್ವಾ. ಹಳೇದು ಹೋದ ಮ್ಯಾಲೆ ಹೆಸರು ಹೊಸದಕ್ಕ ಏರತೈತಿ" ಎನ್ನುತ್ತಿದ್ದರು. ಹೊಸ ವಿಕ್ರಾಂತ ನೌಕಾಪಡೆ ಸೇರಿದ ದಿನ, ಮೊಮ್ಮಗ ಹುಟ್ಟಿದವರಂತೆ ಎಲ್ಲರಿಗೂ ಪೇಡೆ ಹಂಚಿದರು.

ಆ ಪದ್ಧತಿ ಮನೆಗೂ ಬಂತು. ಅವರ ಸ್ಕೂಟರ್ ವಿಕ್ರಾಂತ. ಅದು ಕೆಟ್ಟ ಮೇಲೆ ಕೊಂಡದ್ದೂ ವಿಕ್ರಾಂತ. ಆಮೇಲಿನದು ಮೂರನೆಯ ವಿಕ್ರಾಂತ. ಈ ಊರಿನಲ್ಲಿ ನೌಕರಿ ಸಿಕ್ಕಿ ನಾನು ಅವರ ಮನೆಯಲ್ಲಿರಲು ಬಂದ ಹೊಸತರಲ್ಲಿ, "ವಿಕ್ರಾಂತ ಯಾಕೋ ಕೆಮ್ಮಾಕತ್ತೈತಿ" ಎಂದು ಅವರು ಹೇಳಿದಾಗ ದೇಶದ ರಕ್ಷಣೆಯ ಬಗ್ಗೆ ಚಿಂತಿಸಿದ್ದೆ.

"ನಾ ಸತ್ತು ಇನ್ನೊಬ್ಬಾಕಿ ಬಂದ್ರ ಆಕಿಗೂ ನನ್ನ ಹೆಸರೇ ಇಡ್ತೀರೇನ್ರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ಒಮ್ಮೆ ಕೇಳಿದರು.

"ನೀ ಇನ್ನೂ ಸರ್ವಿಸ್‌ನ್ಯಾಗ ಇದ್ದೀಯಲ್ಲ. ಹೆಸರು ಖಾಲಿ ಇಲ್ಲ."

ಇಂಥವರು ಆ ಸಂಜೆ ಸುಮ್ಮನಿರುತ್ತಾರೆಯೇ? ಸ್ಕೂಟರ್ ಉಳಿಸಲು ಮೆಟ್ಟಿಲಿಳಿದು ಸೆಲ್ಲಾರಿಗೆ ಹೋದರು. ಹೋದವರು ಮೆಟ್ಟಿಲ ಬುಡದ ಕಬ್ಬಿಣದ ಬಾಗಿಲನ್ನು ಒಳಗಿನಿಂದ ಮುಚ್ಚಿಬಿಟ್ಟರು! ಹಡಗಿನಲ್ಲಿ ನೀರು ನುಗ್ಗಿದರೆ ಮೊದಲು ಬಾಗಿಲು ಮುಚ್ಚಬೇಕಂತೆ. ಒಂದು ಕೋಣೆ ಮುಳುಗಿದರೂ ಹಡಗು ಉಳಿಯಬೇಕು. ಅಪಾರ್ಟ್‌ಮೆಂಟ್ ಉಳಿಯಿತು. ಆದರೆ ನೀರಿನ ಒತ್ತಡಕ್ಕೆ ಬಾಗಿಲು ಮತ್ತೆ ತೆರೆಯಲಿಲ್ಲ. ವಾಹನಗಳ ಇಳಿಜಾರಿನಲ್ಲಿ ನೀರು ಧುಮುಕುತ್ತಿತ್ತು, ಅತ್ತ ಹೋಗುವಂತಿರಲಿಲ್ಲ. ಒಳಗೆ ಅವರು ಬಾಗಿಲು ಬಡಿಯುವ ಸದ್ದು. ಮೆಟ್ಟಿಲ ಮೇಲೆ ನಾನು, ಕಾಕು. ವಾಚ್‌ಮನ್ ಹಾರೆ ತಂದು ಮೀಟುವ ಹೊತ್ತಿಗೆ ಬಡಿತ ನಿಂತಿತ್ತು. ಬಾಗಿಲು ಸರಿದಾಗ ಕಾಕಾ ಎದೆಮಟ್ಟದ ನೀರಿನಲ್ಲಿ ಗೋಡೆಗೆ ಆತು ನಿಂತಿದ್ದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಮೂರನೆಯ ವಿಕ್ರಾಂತ ಮಾತ್ರ ಮುಳುಗಿಹೋಗಿತ್ತು.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ನನ್ನ ಕನಸಿನ ತುಂಬ ನೀರು. ಒಂದೇ ಹೆಸರಿನ ಹಡಗುಗಳೂ ಸ್ಕೂಟರುಗಳೂ ಸಾಲಾಗಿ ತೇಲಿ ಹೋಗುವವು. ಕೊನೆಯದರ ಒಳಗೆ ಯಾರೋ ಬಡಿಯುವರು. ಬೆಚ್ಚಿ ಎದ್ದು ಬಂದರೆ, ಕಾಕಾನೂ ಮನೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟುಕೊಂಡು ಕುಳಿತಿರುತ್ತಿದ್ದರು.

ಹೊಸ ಸ್ಕೂಟರ್ ಬಂದ ದಿನ ಕಾಕು ಅದಕ್ಕೆ ಕುಂಕುಮ ಹಚ್ಚಿ, "ಇದು ನಾಲ್ಕನೇ ವಿಕ್ರಾಂತ ಏನ್ರಿ?" ಎಂದರು.

"ಬ್ಯಾಡ" ಎಂದರು ಕಾಕಾ. "ಆ ಕತ್ತಲದಾಗ ನಿಂತಾಗ ತಿಳೀತು. ನನ್ನ ಹೆಸರು ಇನ್ನೊಬ್ಬಗ ಹೋಗಬಹುದು. ನಿನ್ನ ಕೂಡ ಕುಂತು ಚಹಾ ಕುಡಿಯೂದು ಯಾರಿಗೂ ಹೋಗೂದಿಲ್ಲ."

ಕಾಕು ಹಿಂದಿನ ಸೀಟಿನಲ್ಲಿ ಕುಳಿತರು. ಇಬ್ಬರೂ ಬೇಗಂಪೇಟೆಯವರೆಗೆ ಹೋಗಿಬಂದರು. ಆ ರಾತ್ರಿ ಬೆಳಗಾಗುವ ತನಕ ಮನೆಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ.